ಒಂದು ದಿನದ ನಡಿಗೆಯ ಪರದೇಶ

ನಮ್ಮ ಕಡೆಯ ಆಡುಮಾತಿನಲ್ಲಿ 'ಪರದೇಶಿ' ಎಂದರೆ ತಾಯಿತಂದೆ ಇಲ್ಲದವನು, ದಿಕ್ಕಿಲ್ಲದವನು. ಗಂಡನ ಶವದ ಮುಂದೆ ಕುಳಿತ ಹೆಣ್ಣುಮಗಳು 'ನನ್ನನ್ನ ಪರದೇಶಿ ಮಾಡಿ ಹೋದ್ಯಲ್ಲೊ' ಎಂದು ಅಳುತ್ತಾಳೆ. ಆಕೆ ಹುಟ್ಟಿದ ಊರನ್ನು ಬಿಟ್ಟು ಹತ್ತು ಹರದಾರಿ ಆಚೆಗೆ ಹೋಗಿರಲಿಕ್ಕಿಲ್ಲ. ಆದರೂ ಆಕೆ ಪರದೇಶಿ. ಶಾಸನಗಳ ಕಾಲಕ್ಕೆ ಹಿಂದಿರುಗಿ ನೋಡಿದರೆ ಇದೇ ಶಬ್ದ ಬೇರೆ ವೇಷದಲ್ಲಿ ನಿಂತಿದೆ. ಅಯ್ಯಾವೊಳೆಯ ಐನೂರ್ವರೇ ಮೊದಲಾದ ವರ್ತಕ ಸಂಘಗಳ ಶಾಸನಗಳಲ್ಲಿ ಸ್ವದೇಶಿ, ಪರದೇಶಿ, ನಾನಾದೇಶಿ, ಉಭಯ ನಾನಾದೇಶಿ ಎಂಬ ಮಾತುಗಳು ಗೌರವದ ಬಿರುದುಗಳಂತೆ ಬರುತ್ತವೆ. ಅಲ್ಲಿ ಪರದೇಶಿ ಎಂದರೆ ಹೊರನಾಡಿನೊಡನೆ ವ್ಯವಹಾರ ಮಾಡುವ ಪ್ರತಿಷ್ಠಿತ ಸೆಟ್ಟಿ. ಒಂಬತ್ತನೆಯ ತರಗತಿಯಲ್ಲಿ ಈ ಮಾತು ಬಂದಾಗಲೆಲ್ಲ ಹುಡುಗರು ನಗುತ್ತಾರೆ. 'ಅಂಥ ಶ್ರೀಮಂತ ಪರದೇಶಿ ಹ್ಯಾಂಗಾದಾನ್ರೀ ಸರ್?' ಎಂದು ಕೇಳುತ್ತಾರೆ.

ಹುಡುಗರ ಪ್ರಶ್ನೆ ಸಣ್ಣದಲ್ಲ. ಒಬ್ಬನೇ ಹೊರನಾಡಿಗೆ ಹೋಗುವ ಮನುಷ್ಯನಿಗೆ ಅನ್ನ, ನೀರು, ದಾರಿ ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಗುರುತು. ನಮ್ಮ ಸೀಮೆಯ ಚಾವಡಿಯಲ್ಲಿ ಅಪರಿಚಿತನು ಬಂದು ಕುಳಿತರೆ ಹಿರಿಯರು ಕೇಳುವ ಮೊದಲ ಮಾತು 'ನೀವು ಯಾರ ಪೈಕಿ?' ಎಂಬುದು. ಈ ಪ್ರಶ್ನೆಗೆ ಉತ್ತರವಿದ್ದವನು ಸಾವಿರ ಹರದಾರಿ ಹೋದರೂ ಸೆಟ್ಟಿ; ಉತ್ತರವಿಲ್ಲದವನು ನೆರೆಯೂರಿನಲ್ಲಿಯೂ ಅನಾಥ. ಗದಗ-ಬೆಟಗೇರಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಈ ನಾಲ್ಕು ಊರುಗಳ ನಡುವಿನ ಚರಿತ್ರೆಯನ್ನು ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ನಡೆದು ನೋಡಬಹುದು.

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಅಲ್ಲಿಯ ತಿರುಳ್ಗನ್ನಡವನ್ನು ಆದಿಕವಿ ಪಂಪನು ೯೪೧ರಲ್ಲಿ ಮುಗಿಸಿದ ತನ್ನ ಭಾರತದಲ್ಲಿ ಹೊಗಳಿರುವುದು ಎಲ್ಲರಿಗೂ ತಿಳಿದ ಮಾತು. ಅಷ್ಟು ಪ್ರಸಿದ್ಧವಲ್ಲದ, ಆದರೆ ನಮಗೆ ಇಲ್ಲಿ ಬೇಕಾದ ಕಥೆ ಆದಯ್ಯನದು. ಹರಿಹರನು ಅವನ ಮೇಲೆ ರಗಳೆಯನ್ನೇ ಬರೆದಿದ್ದಾನೆ; ರಾಘವಾಂಕನ ಸೋಮನಾಥ ಚಾರಿತ್ರಕ್ಕೂ ಇವನೇ ನಾಯಕ. ಆದಯ್ಯ ಸೌರಾಷ್ಟ್ರದವನು. ವ್ಯಾಪಾರಕ್ಕೆಂದು ತನ್ನ ನಾಡನ್ನು ಬಿಟ್ಟು ಪುಲಿಗೆರೆಗೆ ಬಂದ ತರುಣ. ಬಂದ ಊರಿನಲ್ಲಿ ಪದ್ಮಾವತಿ ಎಂಬ ಜೈನ ಮನೆತನದ ಕನ್ಯೆಯನ್ನು ಮೆಚ್ಚಿ ಮದುವೆಯಾದ. ಮಾವನ ಮನೆಯಲ್ಲಿ ಅವನ ಭಕ್ತಿಗೆ ಅವಮಾನವಾಯಿತು. ಆಗ ಪಂತಕ್ಕೆ ಬಿದ್ದು ತನ್ನ ನಾಡಿಗೆ ಹೋಗಿ, ಅಲ್ಲಿಯ ಸೋಮನಾಥನನ್ನೇ ಪುಲಿಗೆರೆಗೆ ಕರೆತಂದ ಎಂಬುದು ಕಾವ್ಯದ ಕಥೆ. ಇದರಲ್ಲಿರುವ ಮತಕಲಹವನ್ನು ಇಲ್ಲಿ ಎತ್ತುವ ಕಾರಣವಿಲ್ಲ. ಕಾವ್ಯವನ್ನು ಇತಿಹಾಸವೆಂದು ಹಾಗೆಯೇ ನುಂಗುವುದೂ ತರವಲ್ಲ. ಆದರೆ ಕಥೆಯ ಒಳಗೆ ಒಂದು ಲೌಕಿಕ ಸತ್ಯ ಅಡಗಿದೆಯೆಂದು ನನಗೆ ತೋರುತ್ತದೆ. ಹೊರನಾಡಿನಿಂದ ಒಂಟಿಯಾಗಿ ಬಂದವನಿಗೆ ಹಣ ಸಿಕ್ಕಿತು, ಹೆಂಡತಿ ಸಿಕ್ಕಳು, ಮನೆ ಸಿಕ್ಕಿತು. ಸಿಗದೆ ಹೋದದ್ದು 'ಯಾರ ಪೈಕಿ' ಎಂಬುದಕ್ಕೆ ಎದೆ ತಟ್ಟಿ ಕೊಡುವ ಉತ್ತರ. ಆ ಉತ್ತರವನ್ನು ತರಲಿಕ್ಕೆ ಅವನು ಮತ್ತೆ ಸೌರಾಷ್ಟ್ರದವರೆಗೆ ನಡೆಯಬೇಕಾಯಿತು. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೆ ಹೋದವರು ಈ ಒಬ್ಬ ಪ್ರವಾಸಿಯನ್ನೂ ನೆನೆಯಬೇಕು.

ಪುಲಿಗೆರೆಗೆ ಹೊರಗಿನವನು ಬಂದಂತೆ, ಇಲ್ಲಿಂದ ಹೊರಗೆ ಹೋಗುವವರೂ ಇದ್ದರು. ಮುಂಡರಗಿ ತಾಲ್ಲೂಕಿನ ಡಂಬಳ ಈಗ ಅದರ ಕೆರೆ, ದೊಡ್ಡಬಸಪ್ಪನ ಗುಡಿಗಳಿಂದ ಹೆಸರಾಗಿದೆ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಅದಕ್ಕೆ ಧರ್ಮವೊಳಲು ಎಂಬ ಹೆಸರಿತ್ತು, ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವೂ ಅಲ್ಲಿತ್ತು. ಆರನೆಯ ವಿಕ್ರಮಾದಿತ್ಯನ ಕಾಲದ ಆ ಶಾಸನವು ತಾರಾಭಗವತಿಯ ಸ್ತುತಿಯಿಂದ ಪ್ರಾರಂಭವಾಗುತ್ತದೆ. ಸ್ತುತಿಯಲ್ಲಿ ಆಕೆ ಯಾವ ಯಾವ ಭಯಗಳನ್ನು ಕಳೆಯುವಳೆಂದು ಹೇಳಿದೆ, ನೋಡಿ: ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ನೀರು, ಪಿಶಾಚಿ. ಮನೆಯಲ್ಲಿ ಕುಳಿತು ಲೆಕ್ಕ ಬರೆಯುವವನಿಗೆ ಇವುಗಳಲ್ಲಿ ಎಷ್ಟರ ಭಯ ಇದ್ದೀತು? ಇದು ದಾರಿಕಾರನ ಭಯಗಳ ಪಟ್ಟಿ. ಕಾಡಿನಲ್ಲಿ ಸಿಂಹ ಮತ್ತು ಆನೆ, ಬೀಡು ಬಿಟ್ಟ ಕಡೆ ಬೆಂಕಿ ಮತ್ತು ಹಾವು, ಹಾದಿಯಲ್ಲಿ ಕಳ್ಳರು, ಹೊಳೆ ಕಡಲುಗಳಲ್ಲಿ ನೀರು. ನನ್ನ ಮನಸ್ಸನ್ನು ಬಹಳ ಹಿಡಿದದ್ದು ಸಂಕೋಲೆ. ಹೊರನಾಡಿನ ಅರಸನ ಆಳುಗಳು ಹಿಡಿದು ಕಾಲಿಗೆ ಕಬ್ಬಿಣ ಹಾಕಿದರೆ 'ಇವನು ನಮ್ಮವನು' ಎಂದು ಬಿಡಿಸುವವರು ಯಾರು? ಡಂಬಳದ ಬಯಲಿನಲ್ಲಿ, ಕಡಲನ್ನು ಎಂದೂ ಕಾಣದ ಕಪ್ಪು ಎರೆಮಣ್ಣಿನ ನಾಡಿನಲ್ಲಿ, ಸೆಟ್ಟಿಗಳು ಇಂಥ ದೇವಿಗೆ ಗುಡಿ ಕಟ್ಟಿಸಿ ದತ್ತಿ ಬಿಟ್ಟರು.

ದೇವಿಯ ಕೃಪೆಯ ಜೊತೆಗೆ ಸಂಘದ ಬಲವೂ ಇತ್ತು. ಐನೂರ್ವರ ಸಂಘವು ಐಹೊಳೆಯ ಹೆಸರು ಹೊತ್ತದ್ದು. ಅದರ ಹೆಸರು ಸುಮಾತ್ರಾ ದ್ವೀಪದ ಬಾರುಸ್ ಬಳಿ ದೊರೆತ ೧೦೮೮ರ ತಮಿಳು ಶಾಸನದಲ್ಲಿಯೂ ಬರುತ್ತದೆ. ಬರ್ಮಾದೇಶದ ಪಗಾನಿನಲ್ಲಿ ನಾನಾದೇಶಿಗಳ ಹೆಸರಿನ ಗುಡಿಯೇ ಇತ್ತು. ಅಂದರೆ ಕಡಲಾಚೆಯ ಬಂದರಿನಲ್ಲಿ ಒಬ್ಬ ಸೆಟ್ಟಿ ಇಳಿದರೆ, ಅವನ ಮಾತು ಅರಿಯದ ಊರಿನಲ್ಲಿಯೂ ಅವನ ಸಂಘದ ಹೆಸರನ್ನು ಅರಿತವರಿದ್ದರು. ಅವನು ಒಬ್ಬನೇ ಹೋದರೂ ಒಂಟಿಯಾಗಿ ಹೋಗಲಿಲ್ಲ. ಪರದೇಶಿ ಎಂಬ ಶಬ್ದಕ್ಕೆ ಆಗ ಇದ್ದ ಘನತೆಯ ಗುಟ್ಟು ಇದು. ಹುಡುಗರಿಗೆ ನಾನು ಕೊಡುವ ಉತ್ತರವೂ ಇದೇ.

ಸಂಘಗಳು ಹೋದವು, ಅರಸರು ಹೋದರು. ಶತಮಾನಗಳನ್ನು ದಾಟಿ ೧೮೧೮ಕ್ಕೆ ಬರೋಣ. ಪೇಶವಾಯಿ ಮುಗಿದು ಇಂಗ್ರೇಜರು ನಾಡನ್ನು ಹಿಡಿದ ಮೇಲೆ ನಮ್ಮ ಸೀಮೆಗೆ ಒದಗಿದ ಗತಿ ವಿಚಿತ್ರವಾದದ್ದು. ಗದಗ-ಬೆಟಗೇರಿ ಇಂಗ್ರೇಜರ ಖಾಲಸಾ ಮುಲಕು, ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದು. ಅಲ್ಲಿಂದ ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ದಕ್ಷಿಣಕ್ಕೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಶಿರಹಟ್ಟಿ. ಅದು ಸಾಂಗಲಿ ಸಂಸ್ಥಾನದ್ದು. ಉಂಡು ಎದ್ದು ನಡೆದರೆ ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮೇಶ್ವರ. ಅದು ಮಿರಜ ಹಿರಿಯ ಶಾಖೆಯದ್ದು. ಮರುದಿನ ಮುಂದೆ ಹೋದರೆ ಸವಣೂರು, ಅಲ್ಲಿ ನವಾಬರು. ಪಶ್ಚಿಮಕ್ಕೆ ಹೊರಳಿದರೆ ಕುಂದಗೋಳ, ಅದು ಜಮಖಂಡಿಯ ಪಟವರ್ಧನರ ತುಣುಕು. ಗದಗಿನಿಂದ ಪೂರ್ವಕ್ಕೆ ಹೊರಟವನಿಗೆ ಮುಂಡರಗಿಯವರೆಗೆ ಖಾಲಸಾ. ಅದರಾಚೆ ನಿಜಾಮರ ರಾಜ್ಯ, ಅದರಲ್ಲಿಯೂ ಕೊಪ್ಪಳದ ಸೀಮೆ ಸಾಲಾರಜಂಗರ ಜಹಗೀರು. ಮುಂಡರಗಿಯಿಂದ ದಕ್ಷಿಣಕ್ಕೆ ಇಳಿದು ತುಂಗಭದ್ರೆಯನ್ನು ದಾಟಿದರೆ ಹಡಗಲಿ. ಅದು ಮದ್ರಾಸ್ ಇಲಾಖೆ. ಎಲ್ಲ ಕಡೆಯೂ ಒಂದೇ ಕನ್ನಡ, ಒಂದೇ ಜೋಳದ ರೊಟ್ಟಿ, ಒಂದೇ ಬನಶಂಕರಿ ಜಾತ್ರೆ. ಆದರೆ ಕಾಯಿದೆಯ ಪುಸ್ತಕದಲ್ಲಿ ಸಂಸ್ಥಾನಗಳೆಲ್ಲ ಪರರಾಜ್ಯಗಳು. ಲಂಡನ್ನಿಗೆ ಹೋಗುವುದು ಹಾಗಿರಲಿ, ತಂಗಿಯ ಮನೆಗೆ ಹೋಗುವುದೂ ಪರದೇಶಗಮನವಾಯಿತು.

ಗಡಿ ಎಂಬುದು ದಿನದ ಬಾಳಿನಲ್ಲಿ ಹೇಗಿತ್ತು? ಪಟವರ್ಧನರ ಸಂಸ್ಥಾನಗಳ ಕಡೆ ಅದು ಅಷ್ಟು ಮೈಗೆ ಮುಟ್ಟುತ್ತಿರಲಿಲ್ಲ; ನಾಣ್ಯ ಇಂಗ್ರೇಜರದೇ. ಮೊಗಲಾಯಿಯ ಕಡೆ ಹಾಗಲ್ಲ. ಕೇಳುವವರಲ್ಲಿ ಹಿರಿಯರಾದವರಿಗೆ 'ಮೊಗಲಾಯಿ' ಎಂಬ ಶಬ್ದ ನೆನಪಿದ್ದೀತು. ನಿಜಾಮರ ರಾಜ್ಯಕ್ಕೆ ನಮ್ಮ ಜನ ಇಟ್ಟ ಹೆಸರು ಅದು. ಅಲ್ಲಿ ನಾಣ್ಯ ಬೇರೆ, ಹಾಲಿ ಸಿಕ್ಕಾ. ಸುಮಾರು ಏಳು ಹಾಲಿ ರೂಪಾಯಿಗಳಿಗೆ ಇಂಗ್ರೇಜಿ ಆರು ರೂಪಾಯಿ. ಅಂಚೆಚೀಟಿ ಬೇರೆ, ದಫ್ತರಿನ ಭಾಷೆ ಉರ್ದು, ವರ್ಷದ ಲೆಕ್ಕ ಫಸಲಿ. ಸುಂಕದ ಇಲಾಖೆಗೆ ಕರೋಡಗಿರಿ ಎಂದು ಹೆಸರು. ಸರಹದ್ದು ದಾಟುವ ಸರಕಿಗೆ ನೂರಕ್ಕೆ ಐದರಂತೆ ಸುಂಕ. ಮುಂಡರಗಿಯ ಸಂತೆಗೆ ಬಂದು ಆಲವಂಡಿಗೆ ಹಿಂದಿರುಗುವ ರೈತನಿಗೆ ಇವೆಲ್ಲ ಬಾಯಿಪಾಠವಾಗಿರಬೇಕು. ಓದುಬರಹವಿಲ್ಲದ ಆ ಮನುಷ್ಯ ಎರಡು ನಾಣ್ಯಗಳ ಲೆಕ್ಕವನ್ನು ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದ. ಈಗ ವಿಮಾನ ಹತ್ತುವ ಪದವೀಧರನು ಅದನ್ನು ಯಂತ್ರವನ್ನು ಕೇಳಿ ತಿಳಿಯುತ್ತಾನೆ.

ಇಂಥ ಗಡಿಗೆ ಎರಡು ಮುಖ. ತಡೆಯುವುದೂ ಅದೇ, ಮರೆಮಾಡುವುದೂ ಅದೇ. ೧೮೫೮ರ ಮೇ ತಿಂಗಳ ಕೊನೆಯಲ್ಲಿ ಮುಂಡರಗಿಯ ಭೀಮರಾಯರು ಇಂಗ್ರೇಜರ ಮೇಲೆ ಎದ್ದು, ಡಂಬಳದ ಖಜಾನೆಯನ್ನು ಹಿಡಿದು, ಹಮ್ಮಿಗೆಯ ಕೆಂಚನಗೌಡರೊಡನೆ ಪೂರ್ವಕ್ಕೆ ನಡೆದರು. ಅವರು ಸೇರಿದ್ದು ಕೊಪ್ಪಳದ ಕೋಟೆಯನ್ನು. ಎಂದರೆ ಗಡಿಯಾಚೆ, ನಿಜಾಮರ ರಾಜ್ಯದಲ್ಲಿ. ಇಂಗ್ರೇಜರ ದಂಡು ಆ ಗಡಿಯನ್ನು ಲೆಕ್ಕಿಸಲಿಲ್ಲ. ಜೂನ್ ತಿಂಗಳ ಮೊದಲಲ್ಲಿ ಕೋಟೆ ಬಿತ್ತು. ಇಬ್ಬರೂ ಅಲ್ಲಿಯೇ ಮಡಿದರು. ರೈತನ ಹತ್ತಿಯ ಅಂಡಿಗೆಗೆ ಅಡ್ಡವಾಗುತ್ತಿದ್ದ ಸರಹದ್ದು ಫಿರಂಗಿಗೆ ಅಡ್ಡವಾಗಲಿಲ್ಲ.

ಅಂಥ ಸೀಮೆಯಲ್ಲಿ ಒಬ್ಬಂಟಿಗನು ಎಲ್ಲಿ ತಂಗಬೇಕು? ಧರ್ಮಶಾಲೆ, ಚಾವಡಿ, ಗುಡಿಯ ಪೌಳಿ, ಮಠ. ಶಿರಹಟ್ಟಿಯ ಫಕೀರೇಶ್ವರ ಮಠವನ್ನು ಇಲ್ಲಿ ಹೆಸರಿಸದೆ ಹೋಗಲಾರೆ. ಸ್ವಾಮಿಗೂ ಫಕೀರನಿಗೂ ಭೇದವಿಲ್ಲದ ಆ ಪೀಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ; ಮಠದ ಪರಂಪರೆಯು ವಿಜಾಪುರದ ಸೂಫಿ ಸಂತರೊಡನೆ ನಂಟು ಹೇಳುತ್ತದೆ. ಜಾತ್ರೆಗೆ ಖಾಲಸಾದವರೂ ಸಂಸ್ಥಾನದವರೂ ಮೊಗಲಾಯಿಯವರೂ ಕೂಡುವ ಸ್ಥಳ ಅದಾಗಿತ್ತು. ಹಿಂದೆ ಸಂಘದ ಹೆಸರು ಮಾಡುತ್ತಿದ್ದ ಕೆಲಸವನ್ನು ಈಗ ಮಠದ ಹೆಸರು ಮಾಡಿತೆನ್ನಬಹುದು. 'ಯಾರ ಪೈಕಿ' ಎಂದರೆ 'ಫಕೀರಸ್ವಾಮಿಯ ಪೈಕಿ' ಎಂದರಾಯಿತು.

ಇದೇ ಕಾಲಕ್ಕೆ ನಿಜವಾಗಿಯೂ ಕಡಲಾಚೆಯಿಂದ ನಮ್ಮಲ್ಲಿಗೆ ಬಂದವರೂ ಉಂಟು. ಬಾಸೆಲ್ ಮಿಷನ್ನಿನವರು ಬೆಟಗೇರಿಯಲ್ಲಿ ೧೮೪೧ರಲ್ಲಿ ನೆಲೆ ಹೂಡಿದರು. ಅವರ ಮಿಷನ್ನಿನ ಕಟ್ಟಳೆಯಂತೆ ತರುಣ ಪಾದ್ರಿ ಅವಿವಾಹಿತನಾಗಿ ಬರಬೇಕು. ಕೆಲವು ವರ್ಷ ಸೇವೆ ಮಾಡಿದ ಮೇಲೆ ಬಾಸೆಲ್ಲಿನ ಹಿರಿಯರ ಅನುಮತಿ ಪಡೆದು ಮದುವೆಯಾಗಬೇಕು. ಹುಡುಗಿಯನ್ನು ಅಲ್ಲಿ ಗೊತ್ತುಮಾಡಿ ಹಡಗು ಹತ್ತಿಸುತ್ತಿದ್ದರು. ವರನ ಮುಖವನ್ನೇ ಕಾಣದೆ ಹೀಗೆ ಹಿಂದುಸ್ಥಾನಕ್ಕೆ ಬಂದ ಹೆಣ್ಣುಮಕ್ಕಳು ಅನೇಕರು. ಜೊತೆಗೆ ಬೇರೆ ಪಾದ್ರಿಗಳ ಸಂಸಾರಗಳು ಇರುತ್ತಿದ್ದವು, ನಿಜ. ಆದರೂ ದಂಡೆಗೆ ಇಳಿದಾಗ ಆಕೆ ಒಬ್ಬಳೇ. ಸುಯೆಜ್ ಕಾಲುವೆ ತೆರೆದದ್ದು ೧೮೬೯ರಲ್ಲಿ. ಅದಕ್ಕೆ ಮೊದಲು ಬಂದವರ ದಾರಿಯ ಕಷ್ಟವನ್ನು ಊಹಿಸಿಕೊಳ್ಳಬೇಕು. ನಮ್ಮ ಹೆಂಗಸರು ಇದನ್ನು ಕೇಳಿದರೆ ಹೆಚ್ಚು ಬೆರಗಾಗಲಾರರು. ಲಗ್ನದ ದಿನವೇ ಗಂಡನ ಮುಖ ಕಂಡು, ಶಿರಹಟ್ಟಿಯಿಂದ ಕೊಪ್ಪಳದ ಸೀಮೆಗೆ ಹೋಗಿ ಬಾಳಿದ ಅಜ್ಜಿಯರು ಎಷ್ಟು ಮನೆಗಳಲ್ಲಿಲ್ಲ! ಬೀಸುಕಲ್ಲಿನ ಮುಂದೆ ತವರೂರಿನ ದಾರಿಯನ್ನು ಹಾಡಿಕೊಂಡವರು ಅವರೇ ತಾನೆ.

ಈ ಸೀಮೆಯಿಂದ ಒಬ್ಬನೇ ಹೊರಟವರಲ್ಲಿ ನಾಡಿಗೆಲ್ಲ ಗೊತ್ತಾದ ಹೆಸರು ಭೀಮಸೇನ ಜೋಶಿಯವರದು. ಅವರು ೧೯೨೨ರ ಫೆಬ್ರವರಿ ೪ರಂದು ರೋಣದಲ್ಲಿ ಹುಟ್ಟಿದರು. ತಂದೆ ಗುರುರಾಜರು ಶಾಲಾ ಮಾಸ್ತರರು. ಅಬ್ದುಲ್ ಕರೀಂ ಖಾನರ ಒಂದು ಠುಮರಿಯ ಧ್ವನಿಮುದ್ರಿಕೆ ಹುಡುಗನ ಕಿವಿಗೆ ಬಿತ್ತು. ಅಂದಿನಿಂದ ಅವನಿಗೆ ಮನೆ ಸೇರದು. ೧೯೩೩ರಲ್ಲಿ, ಹನ್ನೊಂದು ವರ್ಷದ ಬಾಲಕ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟ. ವಿಜಾಪುರ, ಪುಣೆ, ಅಲ್ಲಿಂದ ಗ್ವಾಲಿಯರ. ಕೈಯಲ್ಲಿ ಹಣವಿಲ್ಲ, ರೈಲಿನ ಡಬ್ಬಿಯಲ್ಲಿ ಹಾಡುವುದು, ಸಹಪ್ರಯಾಣಿಕರು ಕೊಟ್ಟದ್ದರಲ್ಲಿ ಮುಂದಿನ ದಾರಿ. ಗ್ವಾಲಿಯರ ಶಿಂದೆಯವರ ಸಂಸ್ಥಾನ. ಅಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನರ ನೆರವಿನಿಂದ ಮಹಾರಾಜರ ಸಂಗೀತ ಶಾಲೆಗೆ ಸೇರಿದ. ಮುಂದೆ ದಿಲ್ಲಿ, ಕಲಕತ್ತೆ, ಲಖನೌ, ನವಾಬರ ರಾಮಪುರ, ಕೊನೆಗೆ ಪಂಜಾಬದ ಜಾಲಂಧರ. ಗದಗಿನ ಕನ್ನಡ ಹುಡುಗನಿಗೆ ಆ ಊರುಗಳಲ್ಲಿ 'ಯಾರ ಪೈಕಿ' ಎಂದರೆ ಹೇಳಿಕೊಳ್ಳಲಿಕ್ಕೆ ಏನಿತ್ತು? ಕಂಠವೊಂದಿತ್ತು.

ಜಾಲಂಧರದಲ್ಲಿ ಅವನಿಗೆ ವಿನಾಯಕರಾವ ಪಟವರ್ಧನರ ಭೇಟಿಯಾಯಿತಂತೆ. ಇಷ್ಟು ದೂರ ಏಕೆ ಬಂದೆ, ನಿನ್ನ ಊರಿನ ಬಳಿಯಲ್ಲಿಯೇ ಸವಾಯಿ ಗಂಧರ್ವರು ಇರುವರಲ್ಲ ಎಂದು ಅವರು ಹೇಳಿದರೆಂಬುದು ಪ್ರಸಿದ್ಧವಾದ ಸಂಗತಿ. ತಂದೆ ಹುಡುಕಿಕೊಂಡು ಹೋಗಿ ಮಗನನ್ನು ಮನೆಗೆ ಕರೆತಂದರು. ೧೯೩೬ರಲ್ಲಿ ಸವಾಯಿ ಗಂಧರ್ವರು, ಎಂದರೆ ಕುಂದಗೋಳದ ರಾಮಭಾವು, ಹುಡುಗನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಅವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು! ಹಿಂದೂಸ್ಥಾನವನ್ನೆಲ್ಲ ಸುತ್ತಿದವನಿಗೆ ಗುರು ದೊರೆತದ್ದು ಒಂದೆರಡು ದಿನದ ನಡಿಗೆಯ ಕುಂದಗೋಳದಲ್ಲಿ. ಅದೂ ಮೇಲೆ ಹೇಳಿದಂತೆ ಜಮಖಂಡಿಯ ಪರರಾಜ್ಯವೇ. ಹಾಗಾದರೆ ಆ ಮೂರು ವರ್ಷದ ಅಲೆದಾಟ ವ್ಯರ್ಥವೆ? ನನಗೆ ಹಾಗೆ ಅನಿಸುವುದಿಲ್ಲ. ನೆರೆಯೂರಿನ ಗುರುವಿನ ಬೆಲೆ ತಿಳಿಯುವುದಕ್ಕೆ ಜಾಲಂಧರದಲ್ಲಿ ಒಬ್ಬನು ಹೇಳಬೇಕಾಯಿತು. ಆದಯ್ಯನೂ ತನ್ನ ದೇವರಿಗಾಗಿ ದಾರಿಯನ್ನು ಎರಡು ಸಲ ತುಳಿದವನು. ಹನ್ನೊಂದು ವರ್ಷದ ಮಗನನ್ನು ಕಳೆದುಕೊಂಡು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಆ ಮಾಸ್ತರರ ಮನಸ್ಸು ಹೇಗಿದ್ದೀತೆಂದು ಮಾತ್ರ ನಾನು ಅನೇಕ ಸಲ ಯೋಚಿಸಿದ್ದೇನೆ. ಭೀಮಸೇನರಿಗೆ ೨೦೦೮ರಲ್ಲಿ ಭಾರತರತ್ನ ಬಂದಾಗ ಗದಗಿನ ಜನ ಹೆಮ್ಮೆಪಟ್ಟರು. ಅವರು ೨೦೧೧ರ ಜನವರಿಯಲ್ಲಿ ತೀರಿಕೊಂಡರು.

ಭೀಮಸೇನರು ಕುಂದಗೋಳದಲ್ಲಿ ನೀರು ಹೊತ್ತು ಸ್ವರ ಕಲಿಯತೊಡಗಿದ ೧೯೩೬ನೆಯ ಇಸವಿಯಲ್ಲಿಯೇ ಸವಣೂರಿನ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೆ ಹಡಗು ಹತ್ತಿದರು. ಅವರ 'ಸಮುದ್ರದಾಚೆಯಿಂದ' ಎಂಬ ಪ್ರವಾಸದ ಬರಹವೂ 'ಸಮುದ್ರಗೀತೆಗಳು' ಎಂಬ ಕವನಸಂಗ್ರಹವೂ ಆ ಯಾತ್ರೆಯ ಫಲ. ಅದರ ವಿಚಾರ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನನ್ನ ಮಾತು ಇಷ್ಟೆ: ನವಾಬರ ಸವಣೂರಿನಲ್ಲಿ ಹುಟ್ಟಿ ಧಾರವಾಡದಲ್ಲಿ ಓದಿದವರಿಗೆ ಪರರಾಜ್ಯಕ್ಕೆ ಹೋಗುವುದು ಬಾಲ್ಯದಿಂದಲೇ ರೂಢಿ.

ಈ ಚೂರುಚೂರು ನಾಡಿನ ನೋವನ್ನು ಹಾಡಾಗಿಸಿದವರು ಗದಗಿನವರೇ. ೧೯೨೪ರಲ್ಲಿ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಮೊಳಗಿದ ಕನ್ನಡ ನಾಡಿನ ಗೀತೆಯನ್ನು ಬರೆದ ಹುಯಿಲಗೋಳ ನಾರಾಯಣರಾಯರು ಗದಗಿನಲ್ಲಿ ವಕೀಲರು. ಗಡಿ ಎಂದರೇನೆಂಬುದು ವಕೀಲನಿಗೆ ತಿಳಿದಷ್ಟು ಕವಿಗೆ ತಿಳಿಯದು. ಅವರು ಎರಡೂ ಆಗಿದ್ದರು.

ಗಡಿಯು ನಿಜವಾದ ಕ್ರೌರ್ಯವನ್ನು ತೋರಿಸಿದ್ದು ೧೯೪೭ರ ಆಗಸ್ಟ್ ೧೫ರ ನಂತರ. ಮುಂಡರಗಿಯಲ್ಲಿ ಸ್ವಾತಂತ್ರ್ಯದ ಬಾವುಟ ಏರಿತು. ಆಚೆಯ ಆಲವಂಡಿಯಲ್ಲಿ ಏರಲಿಲ್ಲ. ನಿಜಾಮರು ಒಕ್ಕೂಟಕ್ಕೆ ಸೇರಲೊಲ್ಲರು. ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹೆಚ್ಚಿದಂತೆ ಗಡಿಯಾಚೆಯ ಜನ ಮನೆಮಾರು ಬಿಟ್ಟು ಈಚೆಗೆ ಬರತೊಡಗಿದರು. ಅವರು ಬಂದ ದಾರಿ ಹೊಸದೇನೂ ಅಲ್ಲ. ಸಂತೆಗೆ ಬರುತ್ತಿದ್ದ ದಾರಿಯೇ, ಮಗಳನ್ನು ಕೊಟ್ಟ ಊರಿನ ದಾರಿಯೇ. ಅಷ್ಟೇ ದೂರ, ಒಂದು ದಿನದ ನಡಿಗೆ. ಆದರೆ ಹಿಂದಿರುಗುವ ಬಾಗಿಲು ಮುಚ್ಚಿತ್ತು. ಬೀಗರ ಮನೆಗೆ ಬಂದವನು ಒಂದು ರಾತ್ರಿಯಲ್ಲಿ ನಿರಾಶ್ರಿತನಾದ. ಶಾಸನದ ಪರದೇಶಿಗೂ ಆಡುಮಾತಿನ ಪರದೇಶಿಗೂ ಇರುವ ಅಂತರವನ್ನು ಆ ಜನ ಪುಸ್ತಕದಿಂದ ಕಲಿಯಲಿಲ್ಲ.

ಆಗ ಗಡಿಯ ಗುಂಟ ಶಿಬಿರಗಳು ಎದ್ದವು. ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರು, ಮುಂಡರಗಿಯ ಶಿಬಿರಕ್ಕೆ ಆಲವಂಡಿಯ ಶಿವಮೂರ್ತಿಸ್ವಾಮಿಗಳು ಮುಂದಾಳುಗಳು. ಆಚೆಯಿಂದ ಒಬ್ಬೊಬ್ಬರಾಗಿ ರಾತ್ರಿ ನಡೆದು ಬಂದ ತರುಣರಿಗೆ ಇಲ್ಲಿ ಅನ್ನ ಸಿಕ್ಕಿತು, ಕೈಗೆ ಆಯುಧ ಸಿಕ್ಕಿತು, ಎಲ್ಲಕ್ಕಿಂತ ಮೊದಲು 'ಯಾರ ಪೈಕಿ' ಎಂಬುದಕ್ಕೆ ಉತ್ತರ ಸಿಕ್ಕಿತು: ಮುಂಡರಗಿ ಶಿಬಿರದ ಪೈಕಿ. ಅವರೇ ರಾತ್ರಿಗಳಲ್ಲಿ ಗಡಿ ದಾಟಿ ಹೋಗಿ ನಿಜಾಮರ ಠಾಣ್ಯಗಳ ಮೇಲೆ ಬೀಳುತ್ತಿದ್ದರು. ತಾವು ಹುಟ್ಟಿದ ಊರಿಗೆ ಕಳ್ಳರಂತೆ ಕತ್ತಲಲ್ಲಿ ಹೋಗಬೇಕಾದ ಸ್ಥಿತಿ! ಅದು ಒಂದು ವರ್ಷದ ಮೇಲೆ ನಡೆಯಿತು.

ಆ ನಡುವೆ ಈಚೆಯ ಗಡಿಗಳು ಸದ್ದಿಲ್ಲದೆ ಬಿದ್ದವು. ೧೯೪೮ರ ಮಾರ್ಚ್ ತಿಂಗಳಲ್ಲಿ ಸಾಂಗಲಿ, ಮಿರಜ, ಜಮಖಂಡಿ, ಸವಣೂರು ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿಹೋದವು. ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ಗದಗಿನಿಂದ ಹೋಗುವವನು ಅಂದಿನಿಂದ ಪರರಾಜ್ಯಕ್ಕೆ ಹೋಗುವವನಲ್ಲ. ಮೊಗಲಾಯಿಯ ಗಡಿ ಸೆಪ್ಟೆಂಬರ್ ತನಕ ಉಳಿಯಿತು. ೧೩ರಂದು ಭಾರತದ ಸೈನ್ಯ ಒಳಹೊಕ್ಕಿತು, ೧೭ರಂದು ನಿಜಾಮರು ಶರಣಾದರು. ಶಿಬಿರಗಳು ಮುಗಿದವು, ಜನ ಬಂದ ದಾರಿಯಲ್ಲಿಯೇ ಹಿಂದಿರುಗಿದರು. ಕೊಪ್ಪಳವೂ ಮುಂಡರಗಿಯೂ ಒಂದೇ ರಾಜ್ಯದಲ್ಲಿ ಕೂಡಿದ್ದು ೧೯೫೬ರ ನವೆಂಬರ್ ೧ರಂದು.

ಅಷ್ಟರೊಳಗೆ ೧೯೫೨ರ ಮೊದಲ ಮಹಾಚುನಾವಣೆ ನಡೆದಿತ್ತು. ಮುಂಡರಗಿಯಲ್ಲಿ ನೆಲೆತಪ್ಪಿ ಬಂದು ಕುಳಿತಿದ್ದ ಶಿವಮೂರ್ತಿಸ್ವಾಮಿಗಳು ಆ ಚುನಾವಣೆಯಲ್ಲಿ ಗಡಿಯಾಚೆಯ ಕುಷ್ಟಗಿ ಕ್ಷೇತ್ರದಿಂದ ಯಾವ ಪಕ್ಷದ ಪೈಕಿಯೂ ಅಲ್ಲದೆ, ಪಕ್ಷೇತರರಾಗಿ ನಿಂತು ಲೋಕಸಭೆಗೆ ಆರಿಸಿಹೋದರು.